ಗಂಜಿಗೆ ಕರೆದ ಕೂಗು

ದೈವ ದೇವರನ್ನು ನಂಬದವಳು ನಾನಲ್ಲ. ದೈವದ ನೇಮೋತ್ಸವಕ್ಕೆ ಹೋಗಿ ಕೈಮುಗಿದು, ಗಂಧ ತಂದು ಹಣೆಗೆ ಹಚ್ಚಿಕೊಳ್ಳುವವಳೇ. ಆದರೆ ಸತ್ತವರು ಕರೆಯುತ್ತಾರೆ, ಕನಸಿನಲ್ಲಿ ಬಂದು ನೀರು ಕೇಳುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ನಗು ತಡೆಯುತ್ತಿರಲಿಲ್ಲ. ಗುತ್ತಿಗಾರು ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ರವಿಕೆಗೆ ಅಳತೆ ಕೊಡಲು ಬರುವ ಹೆಂಗಸರು ಅಳತೆಗಿಂತ ಹೆಚ್ಚು ಕಥೆ ಕೊಡುತ್ತಾರೆ. ಸತ್ತ ಯಾರದೋ ಪ್ರೇತ, ಕುಲೆ, ಎದೆಯ ಮೇಲೆ ಕೂತು ಉಸಿರು ಕಟ್ಟಿಸಿತು ಎಂದು ಒಬ್ಬಾಕೆ ಶುರು ಮಾಡಿದಾಗ, "ಕುಲೆಯೂ ಅಲ್ಲ, ಗಿಲೆಯೂ ಅಲ್ಲ ಮಾರಾಯ್ರೆ, ನೀವು ದಪ್ಪ ಆದದ್ದು" ಎಂದು ಟೇಪು ತೋರಿಸಿದ್ದೆ. ನನ್ನ ಬಾಯಿಗೂ ಕತ್ತರಿಗೂ ಒಂದೇ ಕಡೆ ಸಾಣೆ ಹಿಡಿಸಿದ್ದು ಎಂದು ಪೇಟೆಯವರು ತಮಾಷೆ ಮಾಡುತ್ತಾರೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ನನಗೇ ಅದು ಪೂರ್ತಿ ಜೀರ್ಣವಾಗಿಲ್ಲ.

ನನಗೊಬ್ಬ ತಮ್ಮನಿದ್ದ, ಲೋಕೇಶ. ಅಡುಗೆ ಅವನ ಕಸುಬು. ಮದುವೆ, ಮನೆ ಒಕ್ಕಲು ಎಂದು ಊರೂರಿಗೆ ಹೋಗುತ್ತಿದ್ದ. ಉಳಿದ ದಿನಗಳಲ್ಲಿ ಕೊಲ್ಲಮೊಗ್ರು ಕಡೆಯ ಒಂದು ರಬ್ಬರ್ ತೋಟದಲ್ಲಿ, ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗಿನವರಿಗೆ ಗಂಜಿ ಬೇಯಿಸುತ್ತಿದ್ದ. ಗುಡ್ಡದ ತುಂಬ ಚದುರಿಹೋದ ಕೆಲಸದವರನ್ನು ಗಂಜಿಗೆ ಕರೆಯಲು ಶೆಡ್ಡಿನ ಮುಂದೆ ನಿಂತು ಕೂ ಹಾಕುತ್ತಿದ್ದ. ನಮ್ಮಲ್ಲಿ ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕುವುದು ಹೊಸತಲ್ಲ, ಒಬ್ಬೊಬ್ಬರ ಕೂ ಒಂದೊಂದು ನಮೂನೆ. ಲೋಕೇಶನದು ಉದ್ದಕ್ಕೆ ಏರಿ, ನಡುವಿನಲ್ಲಿ ಎಡವಿದ ಹಾಗೆ ಒಡೆದು, ಮತ್ತೆ ಎದ್ದು ಗಿಡ್ಡಕ್ಕೆ ಮುಗಿಯುತ್ತಿತ್ತು. ಮೀಸೆ ಮೂಡುವಾಗ ಒಡೆದ ಗಂಟಲು ಕೂವಿನಲ್ಲಿ ಮಾತ್ರ ರಿಪೇರಿಯಾಗಲೇ ಇಲ್ಲ ಎಂದು ನಾನು ಅವನನ್ನು ಕಾಡುತ್ತಿದ್ದೆ. ಕೂ ಹಾಕಿದರೆ ಕೆಲಸದವರು ಓಗೊಡಬೇಕು, ಅದು ಅವನ ಕಾನೂನು. ಓಗೊಡದೆ ಸುಮ್ಮನೆ ಬಂದು ಬಟ್ಟಲು ಹಿಡಿದವರಿಗೆ, "ಬಾಯಿ ಇಲ್ಲದವನಿಗೆ ಗಂಜಿ ಎಂತಕ್ಕೆ?" ಎಂದು ಉಪ್ಪಿನಕಾಯಿ ಕೊಡುತ್ತಿರಲಿಲ್ಲ.

ಅಮ್ಮನ ಕಾನೂನು ಇದಕ್ಕೆ ಉಲ್ಟಾ. ಕರೆದವರು ಕಣ್ಣಿಗೆ ಕಾಣದಿದ್ದರೆ ಮೊದಲ ಕೂಗಿಗೆ ಓ ಅನ್ನಬಾರದು, ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ, ಸತ್ತವರಿಗೆ ಓಗೊಟ್ಟರೆ ಅವರ ಹಿಂದೆಯೇ ಹೋಗಬೇಕಾಗುತ್ತದೆ ಎಂದು ನಮ್ಮಿಬ್ಬರಿಗೂ ಸಣ್ಣದರಿಂದ ಹೇಳಿಕೊಟ್ಟಿದ್ದಳು. ಲೋಕೇಶ ಅದನ್ನು ಗಾಳಿಗೆ ಬಿಟ್ಟ. ನಾನು ನಗುತ್ತಲೇ ಪಾಲಿಸಿಕೊಂಡು ಬಂದೆ.

ಒಂದು ಸಂಜೆ ತೋಟದಿಂದ ಬೈಕಿನಲ್ಲಿ ಬರುತ್ತಿದ್ದವನಿಗೆ ತಿರುವಿನಲ್ಲಿ ಪಿಕಪ್ಪೊಂದು ಬಡಿಯಿತು. ಓಡಿಸುತ್ತಿದ್ದವನು ತೋಮಸ್. ಅದೇ ತೋಟದ ರಬ್ಬರ್ ಶೀಟು ಸಾಗಿಸುವವನು, ಲೋಕೇಶನ ಕೈಯ ಗಂಜಿ ಎಷ್ಟೋ ಸಲ ಉಂಡವನು. ಕುಡಿದಿದ್ದ. ನಿಲ್ಲಿಸಲಿಲ್ಲ. ನನ್ನ ತಮ್ಮ ಚರಂಡಿಯ ಬದಿಯಲ್ಲಿ ರಾತ್ರಿಯಿಡೀ ರಕ್ತ ಹರಿಸಿಕೊಂಡು ಬಿದ್ದಿದ್ದ. ಡೈರಿಗೆ ಹಾಲು ಒಯ್ಯುವವರು ಕಾಣುವಾಗ ಜೀವವಿರಲಿಲ್ಲ. ಹೊತ್ತಿಗೆ ಸರಿಯಾಗಿ ಯಾರಾದರೂ ಸುಳ್ಯದ ಆಸ್ಪತ್ರೆಗೆ ಮುಟ್ಟಿಸಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಪಿಕಪ್ಪಿನ ಮೂತಿ ಜಜ್ಜಿದ್ದು ಕಂಡು ತೋಮಸನ ಮೇಲೆ ಕೇಸಾಯಿತು. ಕಣ್ಣಾರೆ ಕಂಡವರಿಲ್ಲವೆಂದು ಬಿಟ್ಟುಬಿಟ್ಟರು.

ಆಮೇಲೆ ತೋಮಸ್ ಕುಡಿತ ಬಿಟ್ಟ. ಕಡಬದ ಹತ್ತಿರ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿದ. ಆ ಕೂಟದಲ್ಲಿ ರಕ್ಷಣೆ ಸಿಕ್ಕಿದವರು ಎದ್ದು ನಿಂತು, ತಮ್ಮ ಹಳೆಯ ಪಾಪಗಳನ್ನು ಎಲ್ಲರೆದುರು ಹೇಳಿಕೊಳ್ಳುವ ಕ್ರಮವಿದೆ. ತೋಮಸನೂ ಹೇಳಿದನಂತೆ. ನೈಟಿ ಹೊಲಿಸಲು ಬಂದವಳೊಬ್ಬಳು ನನಗೆ ಬಹಳ ಸಂತೋಷದ ಸುದ್ದಿಯೆಂಬ ಹಾಗೆ ತಂದು ಮುಟ್ಟಿಸಿದಳು: "ನಿಮ್ಮ ತಮ್ಮನ ವಿಷಯ ಹೇಳಿ ಎಂತ ಅಳುದು ಅವ! ಎಲ್ಲರೂ ಸ್ತೋತ್ರ ಸ್ತೋತ್ರ ಅಂತ ಹೇಳಿದ್ರು."

ನನ್ನ ತಮ್ಮನ ಸಾವು ಅವನ ಸ್ವರ್ಗದ ಏಣಿಗೆ ಒಂದು ಮೆಟ್ಟಿಲಾಯಿತಲ್ಲ! ಅವರ ನಂಬಿಕೆ ನನಗೆ ಗೊತ್ತಿಲ್ಲದ್ದೇನಲ್ಲ, ನನ್ನ ಗಿರಾಕಿಗಳಲ್ಲಿ ಅರ್ಧ ಜನ ಅವರೇ. ಮನುಷ್ಯ ತನ್ನ ಒಳ್ಳೆಯ ಕೆಲಸದಿಂದ ಪಾರಾಗುವುದಿಲ್ಲ, ಯೇಸು ನಮಗಾಗಿ ಸತ್ತನೆಂದು ಪೂರ್ಣ ಮನಸ್ಸಿನಿಂದ ನಂಬಿದರೆ ಎಂಥ ಪಾಪಿಗೂ ಕ್ಷಮೆ ಉಂಟು, ಅದು ಸಂಬಳವಲ್ಲ, ದಾನ ಎನ್ನುತ್ತಾರೆ. ಚಂದದ ಮಾತೇ. ಆದರೆ ಚರಂಡಿಯ ಬದಿಯಲ್ಲಿ ಬಿದ್ದವನು ನಿಮ್ಮ ತಮ್ಮನಾದಾಗ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ಕೇಳಿಕೊಂಡು ಬೆಳೆದವಳು ನಾನು. ತೋಮಸ್ ನೀರು ಕುಡಿಯುವುದನ್ನು ನೋಡಬೇಕೆಂದು ಕಾದಿದ್ದೆ.

ಕೆಲವು ವರ್ಷ ಕಳೆದು ಅವನ ಹೆಂಡತಿ ಮರಿಯಮ್ಮ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ತೋಮಸನಿಗೆ ಪಾರ್ಶ್ವವಾಯು ಬಡಿದಿತ್ತು, ಲಿವರ್ ಮೊದಲೇ ಹೋಗಿತ್ತು. ಇನ್ನು ಮಾಡಲಿಕ್ಕೇನೂ ಇಲ್ಲವೆಂದು ಪುತ್ತೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು.

"ಒಮ್ಮೆ ಬರ್ಬೇಕು ಚೇಚಿ" ಎಂದಳು, ಮಲಯಾಳದಲ್ಲಿ ಅಕ್ಕ ಎಂದು ಕರೆದು. "ಅವರಿಗೆ ನಿದ್ರೆ ಇಲ್ಲ. ನಿಮ್ಮನ್ನೇ ಕೇಳುದು."

"ರಕ್ಷಣೆ ಸಿಕ್ಕಿದವನಿಗೆ ಎಂತ ನಿದ್ರೆ ಇಲ್ಲದ್ದು?" ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು.

ಅಮ್ಮನಿಗೆ ಹೇಳಿದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. "ಸಾಯುವವ ಕರೆದ್ರೆ ಹೋಗ್ಬೇಕು" ಎಂದಳು. "ಮಾತಾಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಮಾತಾಡ್ಬೇಡ." ನಾನು ಕರುಣೆಯಿಂದ ಹೋದೆನೆಂದು ತಿಳಿಯಬೇಡಿ. ಅವನು ಹೆದರಿದ್ದಾನೆ ಎಂದು ಗೊತ್ತಾಗಿತ್ತು, ಅದನ್ನು ನೋಡಲಿಕ್ಕೆ ಹೋದೆ.

ಅದು ಭಾನುವಾರ ಮಧ್ಯಾಹ್ನ, ರಬ್ಬರ್ ಎಲೆ ಉದುರುವ ಕಾಲ. ತೋಮಸನ ಮನೆ ಒಂದು ಗುಡ್ಡದ ನೆತ್ತಿಯಲ್ಲಿ. ಎದುರಿಗೆ ನೀರು ಹರಿವ ತೋಡು ದಾಟಿದರೆ ಲೋಕೇಶ ಗಂಜಿ ಬೇಯಿಸುತ್ತಿದ್ದ ತೋಟದ ಗುಡ್ಡ. ಎಲೆಯೆಲ್ಲ ಉದುರಿ ಆ ಗುಡ್ಡ ಬೋಳಾಗಿ ನಿಂತಿತ್ತು. ಒಂದು ನಾಯಿ ನಡೆದರೂ ಕಾಣುವಷ್ಟು ಬೋಳು. ಟ್ಯಾಪಿಂಗ್ ನಿಂತಿತ್ತು, ಶೆಡ್ಡಿಗೆ ಬೀಗ ಬಿದ್ದಿತ್ತು.

ಒಳಗೆ ಕಡಬದಿಂದ ಬಂದ ಪಾಸ್ಟರು ಮಂಚದ ಪಕ್ಕದಲ್ಲಿ ಕೂತಿದ್ದರು, ಇನ್ನೂ ಎಳೆ ಪ್ರಾಯ. ತೋಮಸನನ್ನು ನೋಡಿ ನಾನು ಒಂದು ಗಳಿಗೆ ಬೆಪ್ಪಾದೆ. ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಿತ್ತು. ಬಾಯಿ ಒಂದು ಬದಿಗೆ ಎಳೆದಿತ್ತು, ಸ್ವರವೆಂದರೆ ಬರೀ ಗಾಳಿ. ಅವನು ಹೇಳಿದ್ದನ್ನು ಮರಿಯಮ್ಮ ಬಾಗಿ ಕೇಳಿ ನಮಗೆ ದಾಟಿಸಬೇಕಿತ್ತು.

ಪಾಸ್ಟರು ಮೆಲ್ಲಗೆ ಹೇಳುತ್ತಿದ್ದರು: "ನಂಬಿದ ಗಳಿಗೆಯಲ್ಲೇ ಮುಗೀತು ತೋಮಸಣ್ಣ. ಇನ್ನು ನಿಮ್ಮ ಮೇಲೆ ಎಂತದೂ ಬಾಕಿ ಇಲ್ಲ."

ನನಗೆ ತಡೆಯಲಿಲ್ಲ. "ಬಾಕಿ ಇಲ್ಲ ಅಂತ ಹೇಳ್ಲಿಕ್ಕೆ ನೀವು ಯಾರು? ಸತ್ತದ್ದು ನಿಮ್ಮ ತಮ್ಮನಾ?"

ಪಾಸ್ಟರು ತಲೆ ತಗ್ಗಿಸಿದರು. "ನೀವು ಕೂತ್ಕೊಳ್ಳಿ ಅಕ್ಕ" ಎಂದು ಜಾಗ ಬಿಟ್ಟು ಅಂಗಳಕ್ಕೆ ಹೋದರು. ಜಗಳಕ್ಕೆ ಬರುತ್ತಾರೆ ಎಂದು ತಯಾರಾಗಿದ್ದ ನನಗೆ ಒಂಥರಾ ನಿರಾಸೆಯೇ ಆಯಿತು.

ತೋಮಸ್ ತುಟಿ ಅಲ್ಲಾಡಿಸಿದ. ಮರಿಯಮ್ಮ ಬಾಗಿದಳು, ಕೇಳಿದಳು, ಆದರೆ ಹೇಳಲು ಹಿಂಜರಿದಳು. ನಾನೇ ಹತ್ತಿರ ಹೋದೆ.

"ನಂಬಿದ್ದೇನೆ ನಾನು" ಎಂದ ಅವನು, ಒಂದೊಂದೇ ಶಬ್ದ ಎಳೆದು. "ದೇವರು ಒಳಗೆ ಬಿಟ್ಟಾನು. ಆದ್ರೆ ಬಾಗಿಲಲ್ಲಿ ಲೋಕೇಶ ನಿಂತಿದ್ರೆ?"

ಇದನ್ನು ಕೇಳಲು ಅವನು ನನ್ನನ್ನು ಕರೆಸಿದ್ದ. ಲೋಕೇಶನ ಪರವಾಗಿ ಒಂದು ಮಾತು ಹೇಳಲು ಭೂಮಿಯ ಮೇಲೆ ಉಳಿದದ್ದು ಅಮ್ಮ ಮತ್ತು ನಾನು. ಮಾತಾಡದಿದ್ದರೂ ಆದೀತು ಎಂದು ಅಮ್ಮ ಹೇಳಿದ್ದಳು, ನನ್ನ ಬಾಯಿ ಕೇಳಬೇಕಲ್ಲ!

"ನಿಂತೇ ಇರ್ತಾನೆ" ಎಂದೆ. "ಮತ್ತೆಲ್ಲಿಗೆ ಹೋಗ್ತಾನೆ?"

ಅವನು ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯಡಿಯಿಂದ ನೀರಿಳಿದು ಕಿವಿಗೆ ಹೋಯಿತು, ಒರೆಸಿಕೊಳ್ಳಲು ಅವನ ಕೈ ಏಳಲಿಲ್ಲ. ಇಷ್ಟು ವರ್ಷ ಕಾದದ್ದು ಸಿಕ್ಕಿತು ಎಂದುಕೊಂಡೆ. ಸಂತೋಷ ಆಗಬೇಕಿತ್ತು. ಆಯಿತೋ ಇಲ್ಲವೋ ಎಂದು ನೋಡಿಕೊಳ್ಳುವ ಮೊದಲೇ ಹೊರಗೆ ನಡೆದೆ.

ಮೆಟ್ಟಿಲಲ್ಲಿ ಒಂದು ಚಪ್ಪಲಿ ಮೆಟ್ಟಿ ಇನ್ನೊಂದಕ್ಕೆ ಕಾಲು ಹಾಕುತ್ತಿದ್ದಾಗ ಎದುರು ಗುಡ್ಡದಿಂದ ಕೂ ಕೇಳಿಸಿತು. ಉದ್ದಕ್ಕೆ ಏರಿತು, ನಡುವೆ ಒಡೆಯಿತು, ಮತ್ತೆ ಎದ್ದು ಗಿಡ್ಡಕ್ಕೆ ಮುಗಿಯಿತು.

ನಾನು ತಲೆಯೆತ್ತಿ ನೋಡಿದೆ. ಬೋಳು ಗುಡ್ಡ, ನೆಟ್ಟಗೆ ನಿಂತ ಮರಗಳು, ಬೀಗ ಹಾಕಿದ ಶೆಡ್ಡು. ಯಾರೂ ಇರಲಿಲ್ಲ. ಗಂಟಲ ತುದಿಯವರೆಗೆ ಓ ಬಂತು. ಅದನ್ನು ನುಂಗಿಕೊಂಡೆ.

ಆಗ ಮನೆಯೊಳಗಿಂದ ಯಾರೋ ಓಗೊಟ್ಟರು. "ಓ...ಯ್!" ಎಂದು, ತೋಟದ ಕೆಲಸದವರು ಗುಡ್ಡದಿಂದ ಕೊಡುವ ಹಾಗೆ, ತುಂಬಿದ ಎದೆಯಿಂದ. ಲೋಟವೊಂದು ನೆಲಕ್ಕೆ ಬಿದ್ದ ಸದ್ದಾಯಿತು. ನಾನೂ ಪಾಸ್ಟರೂ ಒಟ್ಟಿಗೇ ಒಳಗೆ ಓಡಿದೆವು.

ತೋಮಸ್ ಒಂದು ಮೊಣಕೈಯೂರಿ ಎದ್ದು ಕಿಟಕಿಯ ಕಡೆ ನೋಡುತ್ತಿದ್ದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹಸಿದು ಕೆಲಸ ಮಾಡುತ್ತಿದ್ದವನು ಗಂಜಿ ಆಯಿತೆಂದು ಕೇಳಿದಾಗ ಕತ್ತಿ ಕೆಳಗಿಡುತ್ತಾನಲ್ಲ, ಆ ಮುಖ.

"ಗಂಜಿಗೆ ಕರೀತಾ ಇದ್ದಾನೆ" ಎಂದ. ಸ್ವರ ಸ್ಪಷ್ಟವಾಗಿತ್ತು.

"ಯಾರು?" ಮರಿಯಮ್ಮ ಕೇಳಿದಳು. "ಎಂತದೂ ಕೇಳ್ಲಿಲ್ಲವಲ್ಲ!"

ಅವನು ನನ್ನ ಕಡೆ ತಿರುಗಿದ. "ಇವಳಿಗೆ ಕೇಳಿಸಿದೆ" ಎಂದು ಹೇಳಿ ಮೆತ್ತಗೆ ಹಿಂದಕ್ಕೆ ಒರಗಿದ. ಬಿಸಿಲು ಅಂಗಳ ಬಿಡುವ ಮೊದಲು ಹೋಗಿಬಿಟ್ಟ.

ಮರಿಯಮ್ಮ ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು. "ಚೇಚಿ, ಸತ್ಯ ಹೇಳಿ. ಕೇಳಿತಾ?" ಕೇಳಿತು ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಂದ ಬಂದುಹೋಯಿತು. ಅವಳು ಅಲ್ಲೇ ನೆಲದಲ್ಲಿ ಕೂತು ಅತ್ತಳು, ದುಃಖದ ಅಳು ಬೇರೆ, ಇದು ಬೇರೆ. ಅಂಗಳದಲ್ಲೇ ಇದ್ದ ಪಾಸ್ಟರಿಗೆ ಕೂ ಕೇಳಿರಲಿಲ್ಲ. ತೋಮಸ್ ಓಗೊಟ್ಟದ್ದು ಮಾತ್ರ ಅವರಿಗೂ ಕೇಳಿತ್ತು, ಮರಿಯಮ್ಮನಿಗೂ ಕೇಳಿತ್ತು.

ನಾನು ಸುಮ್ಮನೆ ಬಿಡುವವಳಲ್ಲ. ಮರುದಿನವೇ ತೋಟದ ಲೆಕ್ಕ ಬರೆಯುವ ರೈಟರನ್ನು ವಿಚಾರಿಸಿದೆ. ಭಾನುವಾರ ಅತ್ತ ಯಾರೂ ಹೋಗಿರಲಿಲ್ಲ. ಅಂಗಡಿಯ ಪಕ್ಕದ ರಿಕ್ಷಾದವನನ್ನು ಎದುರು ಗುಡ್ಡಕ್ಕೆ ಕಳಿಸಿ ಕೂ ಹಾಕಿಸಿ ನೋಡಿದೆ. ತೋಮಸನ ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿತು, ಕೋಳಿಗಳೂ ಕತ್ತೆತ್ತಿದವು. ಸಾಯುವವರ ಮಿದುಳಿನಲ್ಲಿ ಹಳೆಯ ಸದ್ದುಗಳು ಏಳುವುದುಂಟು ಎಂದು ಒಬ್ಬ ಡಾಕ್ಟರು ಹೇಳಿದರು. ಸರಿ, ತೋಮಸ್ ಎಷ್ಟೋ ಸಲ ಆ ಕೂ ಕೇಳಿ ಗಂಜಿಗೆ ಹೋದವನೇ. ಆದರೆ ನಾನು ಸಾಯುತ್ತಿರಲಿಲ್ಲವಲ್ಲ! ಚಪ್ಪಲಿ ಮೆಟ್ಟುತ್ತಿದ್ದೆ. ಅವನ ಮಿದುಳಿನಲ್ಲಿ ಎದ್ದದ್ದು ಅದೇ ಗಳಿಗೆಗೆ ನನ್ನ ಕಿವಿಗೆ ಬಂದದ್ದು ಹೇಗೆ?

ಮರಿಯಮ್ಮ ಈಗ ನೆಮ್ಮದಿಯಾಗಿದ್ದಾಳೆ. ಕೂಟಕ್ಕೆ ಬಂದು ಇದನ್ನು ಎಲ್ಲರೆದುರು ಹೇಳಬೇಕೆಂದು ಒಮ್ಮೆ ಕೇಳಿದಳು. "ನಿಮ್ಮ ಏಣಿಗೆ ನನ್ನ ಮನೆಯಿಂದ ಒಂದು ಮೆಟ್ಟಿಲು ಸಾಕು" ಎಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ನೆಮ್ಮದಿ ಇಲ್ಲದವಳು ನಾನು. ತೋಮಸನನ್ನು ಅವನ ದೇವರು ಕ್ಷಮಿಸಿದ್ದರೆ ನಾನು ಆ ದೇವರೊಡನೆ ಜಗಳವಾಡಿಕೊಂಡು ಇರುತ್ತಿದ್ದೆ, ನನಗದು ಕಷ್ಟದ ಕೆಲಸವಲ್ಲ. ಆದರೆ ಕರೆದದ್ದು ಲೋಕೇಶ. ನಾನು ಯಾರ ಪರವಾಗಿ ಬಾಗಿಲಿಗೆ ಅಡ್ಡ ನಿಂತಿದ್ದೆನೋ ಅವನೇ ಗಂಜಿ ಬಡಿಸಿಟ್ಟು ಕರೆದರೆ ನಾನು ಯಾರ ಮೇಲೆ ಸಿಟ್ಟು ಮಾಡಲಿ?

ತೋಮಸ್ ಸತ್ತ ಸಂಜೆಯೇ ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದ್ದೆ. ಅವಳು ತೋಮಸನ ಸುದ್ದಿ ಕೇಳಲೇ ಇಲ್ಲ.

"ನೀನು ಓ ಅಂದ್ಯಾ?" ಎಂದು ಕೇಳಿದಳು.

"ಇಲ್ಲ. ನೀನೇ ಹೇಳಿದ್ದಲ್ಲ, ಮೊದಲ ಕೂಗಿಗೆ ಅನ್ನಬಾರದು ಅಂತ."

"ಒಳ್ಳೆದಾಯ್ತು" ಎಂದಳು. ಒಲೆಯ ಮುಂದೆ ಕೂತು ಕೊಳ್ಳಿಯೊಂದನ್ನು ಒಳಗೆ ಸರಿಸಿದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಪಾಪ, ಅಕ್ಕ ಅಲ್ಲೇ ಇದ್ದೂ ಓ ಅನ್ಲಿಲ್ಲ ಅಂತ ಅವನಿಗೆ ಎಷ್ಟು ಬೇಜಾರಾಯ್ತೋ" ಎಂದಳು.

ಅಲ್ಲಿಯವರೆಗೆ ನನಗದು ಹೊಳೆದಿರಲಿಲ್ಲ. ಕರೆದದ್ದು ತೋಮಸನೊಬ್ಬನನ್ನೇ ಆಗಿದ್ದರೆ ನನಗೆ ಯಾಕೆ ಕೇಳಿಸಬೇಕಿತ್ತು? ಈಗಲೂ ರಬ್ಬರ್ ಎಲೆ ಉದುರುವ ಕಾಲದಲ್ಲಿ, ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಮಿಷನ್ ನಿಲ್ಲಿಸಿ ಕಿವಿಗೊಡುತ್ತೇನೆ. ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ ಎಂದು ಅಮ್ಮ ಹೇಳಿದ್ದಳು. ಇದುವರೆಗೆ ಕರೆದಿಲ್ಲ. ಕರೆದರೆ ಓ ಅನ್ನುತ್ತೇನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಓಗೊಟ್ಟರೆ ಆ ಶೆಡ್ಡಿನಲ್ಲಿ ತೋಮಸನ ಪಕ್ಕದಲ್ಲೇ ಬಟ್ಟಲು ಹಿಡಿದು ಕೂರಬೇಕಲ್ಲ.