ಅಜ್ಜಂಪುರ ರಸ್ತೆಯಲ್ಲಿ ಎತ್ತದ ಕೈಗಳು

ಫೆಬ್ರುವರಿಯ ಎರಡನೇ ಭಾನುವಾರ, ಬೆಳಗ್ಗೆ ಏಳು ಗಂಟೆ, ತರೀಕೆರೆಯ ನಮ್ಮ ಮನೆ ಮುಂದೆ. ಹಾಜರಿದ್ದವರು ನಾನು, ಕಡೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ತಂಗಿಯ ಮಗಳು, ಬಾಡಿಗೆ ವ್ಯಾನಿನ ಚಾಲಕ.

ಚಾಲಕನಿಲ್ಲದೆ ಓಡುವ ಬಾಡಿಗೆ ಗಾಡಿ ರಸ್ತೆ ಬದಿಯಲ್ಲಿ ನಿಂತವರ ಕೈಸನ್ನೆ ಓದಿ, ದೀಪದಲ್ಲಿ ಉತ್ತರ ಕೊಡುವ ಉಪಾಯಕ್ಕೆ ಅವಳು ಪೇಟೆಂಟ್ ಕೇಳಿದ್ದಳು. ಕೈ ಎತ್ತಿದರೆ ನಿಲ್ಲುವ ಗಾಡಿಗೆ ಬೇರೆ ಯಾರೋ ಆಗಲೇ ಪೇಟೆಂಟ್ ಪಡೆದಿದ್ದಾರೆ, ನಿಮ್ಮದರಲ್ಲಿ ಹೊಸದೇನು ಎಂದು ಕಚೇರಿ ಆಕ್ಷೇಪಣೆ ಕಳಿಸಿತ್ತು. ಹೊಸದು ನಮ್ಮ ರಸ್ತೆಯಲ್ಲೇ ಇತ್ತು. ಇಲ್ಲಿ ಒಬ್ಬರು ಬಿಸಿಲಲ್ಲಿ ನಿಂತು, ನೆರಳಲ್ಲಿ ಕೂತವರಿಗೆಲ್ಲ ಸೇರಿಸಿ ಕೈ ಎತ್ತುತ್ತಾರೆ. ಎಷ್ಟು ಜನ ಎಂದು ಬೆರಳು ತೋರಿಸುತ್ತಾರೆ. ಮೂಟೆ ಇದ್ದರೆ ಅಂಗೈ ನೆಲಕ್ಕೆ ತಿರುಗಿಸುತ್ತಾರೆ. ಇದನ್ನು ಗಾಡಿ ಅರಿಯುತ್ತದೆ ಎಂಬ ವಿಡಿಯೋ ಸಮೇತ ಉತ್ತರ ಸೋಮವಾರ ಸಂಜೆಯೊಳಗೆ ಹೋಗಬೇಕು. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ.

ಅವಳ ಕ್ಯಾಮೆರಾ, ದೀಪ ವ್ಯಾನಿನ ಮೇಲೆ ಕೂರಿಸಿ, ಚಾಲಕನಿಲ್ಲದ ಗಾಡಿ ಎನಿಸುವಂತೆ ಅವನ ಎದುರಿನ ಗಾಜಿಗೆ, ಒಳಗಿಂದ ಕಂಡು ಹೊರಗಿಂದ ಕಾಣದ ಕಪ್ಪು ಫಿಲ್ಮ್ ಅಂಟಿಸಿದ್ದೆವು; ದೀಪ ಹತ್ತಿದರೆ ಅವನು ನಿಲ್ಲಿಸಬೇಕು. ಪಕ್ಕದಲ್ಲಿ ನಾನು ಕೂತೆ. ಹೊರಟ ಸ್ವಲ್ಪ ಹೊತ್ತಿಗೇ ಒಬ್ಬ ಕೈ ಎತ್ತಿದ. ದೀಪ ಹತ್ತಿತು, ವ್ಯಾನು ನಿಂತಿತು.

"ನಮಸ್ಕಾರ ಸಾರ್! ನೀವು ಕಲಿಸಿದಂಗೇ ಮೊಣಕೈ ನೆಟ್ಟಗಿದೆ, ನೋಡಿ," ಎಂದು ನಕ್ಕ. ಅವನಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ.

ಈ ಸುತ್ತಿನ ಶಾಲೆಗಳಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದವನು. ಮುಂದೆಯೂ ಹಾಗೇ ಆಯಿತು. ಹಾಲಿನ ಕ್ಯಾನ್ ಹಿಡಿದವನು, ಬೈಕಿನವನು, ಕುರಿ ಹೊಡೆಯುವವನು, ಎಲ್ಲರೂ ಕೈ ಎತ್ತಿದರು. ವ್ಯಾನು ಎಲ್ಲರಿಗೂ ನಿಂತಿತು.

"ಮಾವ, ಜನ ಗಾಡೀನೇ ನೋಡ್ತಿಲ್ಲ. ನಿಮ್ಗೇ ಸಲಾಮು ಹೊಡೀತಿದಾರೆ. ಹಿಂದ್ಗಡೆ ಬನ್ನಿ," ಎಂದಳು.

ನಾನು ಹಿಂದಕ್ಕೆ ಹೋದೆ. ನಾನು ಕೂತಿದ್ದ ಕಡೆಯ ಗಾಜಿಗೂ ಫಿಲ್ಮ್ ಬಂತು. ಆಮೇಲೆ ಒಂದು ಕೈಯೂ ಏಳಲಿಲ್ಲ.

ಅಜ್ಜಂಪುರದ ಹತ್ತಿರ ಹುಣಸೆಮರದ ಕೆಳಗೆ ಮೂವರು ಹೆಂಗಸರು, ಕಾಯಿ ಮೂಟೆಗಳು. ಬಿಸಿಲಲ್ಲಿ ಒಬ್ಬ ಅಜ್ಜಿ. ನಮಗೆ ಬೇಕಾದ್ದೆಲ್ಲ ಅಲ್ಲಿತ್ತು. ವ್ಯಾನು ಕಂಡು ಅಜ್ಜಿಯ ಕೈ ಅರ್ಧ ಎದ್ದಿತು, ಗಾಜು ನೋಡಿ ಸೆರಗಿಗೆ ವಾಪಸಾಯಿತು. ನಿಲ್ಲಿಸಿ ಕೇಳಿದೆವು.

"ಒಳಗೆ ಯಾರೂ ಕಾಣ್ಲಿಲ್ಲ. ಯಾರ್ಗೆ ಅಂತ ಕೈ ಎತ್ಲಿ?"

"ದೀಪ ನೋಡ್ಕಳುತ್ತೆ ಅಜ್ಜಿ. ನಾಲ್ಕು ಬೆರಳು ತೋರ್ಸಿದ್ರೆ ನಾಲ್ಕು ಜನ ಅಂತ ಅದಕ್ಕೆ ತಿಳಿಯುತ್ತೆ," ಎಂದಳು ತಂಗಿಯ ಮಗಳು.

"ತಿಳೀಲಿ ಕಣವ್ವ. ಮೂಟೆ ಇದೆ ಅಂತ ನಾವು ತೋರ್ಸೋದು ಇಳಿದು ಬಂದು ಎತ್ತಾಕ್ಲಿ ಅಂತ. ನಿನ್ ದೀಪ ಇಳಿಯುತ್ತಾ?"

ಮರದಡಿಯವರು ನಕ್ಕರು. ನಮ್ಮ ಚಾಲಕನೂ ಒಳಗೇ ನಕ್ಕ. ಆಮೇಲೆ ಇಳಿದು ಮೂಟೆ ಎತ್ತಿ ಹಾಕಿದ.

ನನ್ನ ಕೈ ಜೇಬಿನ ಸೀಟಿಗೆ ಹೋಯಿತು. ಒಮ್ಮೆ ಊದಿದರೆ ಮೈದಾನದ ಮಕ್ಕಳೆಲ್ಲ ಕೈ ಎತ್ತುತ್ತಿದ್ದ ಕಾಲವಿತ್ತು. "ನಾನು ಹೇಳಿಕೊಟ್ಟು ಎತ್ತಿಸ್ಲೇನೇ? ಅಜ್ಜಿ ಇಲ್ಲ ಅನ್ನಲ್ಲ," ಎಂದೆ.

"ಅದು ಡ್ರಿಲ್ ಆಗುತ್ತೆ ಮಾವ. ಪುರಾವೆ ಆಗಲ್ಲ."

ಸೀಟಿಯನ್ನು ಜೇಬಲ್ಲೇ ಬಿಟ್ಟೆ. ಅಜ್ಜಿಯನ್ನೂ ಹೆಂಗಸರನ್ನೂ ಅಜ್ಜಂಪುರದಲ್ಲಿ ಇಳಿಸಿ, ಮಧ್ಯಾಹ್ನದವರೆಗೆ ಅದೇ ರಸ್ತೆಯಲ್ಲಿ ಓಡಾಡಿದೆವು. ಬಿಸಿಲು ಏರಿದಂತೆ ಜನರೂ ಕಡಿಮೆಯಾದರು. ಸಂಜೆ ಅವಳು ನಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಒಂದು ಅಕ್ಷರವನ್ನೂ ಒತ್ತದೆ ಮುಚ್ಚಿದಳು. "ಬಿಡಿ ಮಾವ, ಉತ್ತರ ಕಳ್ಸಲ್ಲ," ಎಂದಳು. ಏನಾದರೂ ಹೇಳಬೇಕಿತ್ತು. ಕಾಫಿ ಕುಡಿ ಎಂದಷ್ಟೇ ಹೇಳಿದೆ.

ಗಾಜಿನ ಫಿಲ್ಮ್ ಕಿತ್ತೆ. ಅಂಟು ಉಳಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ, ಬಟ್ಟೆಯಿಂದ ತಿಕ್ಕಿ, ಸೋಪುನೀರಲ್ಲಿ ತೊಳೆದೆ. ಗಾಜಿನಾಚೆ ಚಾಲಕನ ಮುಖ ಸ್ಪಷ್ಟವಾಗಿ ಕಂಡ ಮೇಲೆ ವ್ಯಾನು ಕಳಿಸಿಕೊಟ್ಟೆ.