ಸಾಲಿನಿಂದ ಹಿಂತಿರುಗಿದ ದೊಡ್ಡಮ್ಮ

ನನ್ನ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಬನಶಂಕರಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಆ ಹೊಲಿಗೆಯಿಂದಲೇ ಓದಿಸಿದವಳು. ಬೀದಿಯ ಹೆಂಗಸರೆಲ್ಲ ಅವಳೆದುರು ಸಂಕೋಚವಿಲ್ಲದೆ ಸೆರಗು ಸರಿಸಿ ಅಳತೆ ಕೊಡುತ್ತಿದ್ದರು. ಅವಳು ಮಾತ್ರ ಜ್ವರ ಬಂದಾಗ ಡಾಕ್ಟರಿಗೆ ನಾಲಿಗೆ ತೋರಿಸಲೂ ನಾಚುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ಕಾಲೇಜಿಗೆ ಹೋಗುವ ಹುಡುಗಿ. ಜಯನಗರದ ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಹೆಂಗಸರಿಗೆ ಕ್ಯಾನ್ಸರ್ ತಪಾಸಣೆ ನಡೆಯುವುದಿತ್ತು. ಮಹಿಳಾ ಸಮಾಜದವರು ಮನೆಮನೆಗೂ ಬಂದು, ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ನೋವು ಶುರುವಾಗುವ ಮುಂಚೆಯೇ ಪತ್ತೆ ಮಾಡಬಹುದು ಎಂದು ಹೇಳಿಹೋದರು. ಅಮ್ಮನ ಮನಸ್ಸಿಗೆ ಅದು ನಾಟಿತು. ದೊಡ್ಡಮ್ಮನನ್ನೂ ಹೊರಡಿಸಬೇಕೆಂದು ನನ್ನನ್ನು ಕರೆದುಕೊಂಡು ಬನಶಂಕರಿಗೆ ಹೋದಳು.

ವಿಷಯ ಕೇಳಿದ್ದೇ ದೊಡ್ಡಮ್ಮ ಎದ್ದು ಬೀದಿ ಬಾಗಿಲು ಹಾಕಿದಳು.

"ಆ ಹೆಸರು ಈ ಮನೇಲಿ ಎತ್ತಬೇಡ ಕಣೇ. ಇಲ್ಲದ್ದನ್ನ ಹುಡುಕಿಕೊಂಡು ಹೋದ್ರೆ ಅದೇ ಬಂದು ಮೈಗೆ ಅಂಟ್ಕೊಳುತ್ತೆ."

"ಬರೀ ಪರೀಕ್ಷೆ ಅಕ್ಕ. ಲೇಡಿ ಡಾಕ್ಟರೇ ನೋಡೋದು."

"ಯಾರಾದ್ರೇನು? ಈ ವಯಸ್ಸಲ್ಲಿ, ಗಂಡ ಸತ್ತೋಳು, ಅಲ್ಲಿ ಹೋಗಿ ಮಲಕ್ಕೊಂಡ್ರೆ ಜನ ಏನಂತಾರೆ? ಗುಂಡುಕಲ್ಲಿನ ಹಾಗಿದೀನಿ ನಾನು."

ಅಮ್ಮ ಬಿಡಲಿಲ್ಲ. ಕೊನೆಗೆ ದೊಡ್ಡಮ್ಮ ದನಿ ತಗ್ಗಿಸಿದಳು. ಅವಳ ಮಗಳಿಗೆ, ನಾನು ಅಕ್ಕ ಎನ್ನುತ್ತಿದ್ದವಳಿಗೆ, ಪದ್ಮನಾಭನಗರದ ಕಡೆಯಿಂದ ಸಂಬಂಧ ಕೂಡಿಬರುತ್ತಿತ್ತು. "ಹುಡುಗಿ ತಾಯಿ ಆ ಕಾಯಿಲೆ ತೋರಿಸ್ಕೊಳೋಕೆ ಹೋಗಿದ್ಲು ಅಂತ ಗೊತ್ತಾದ್ರೆ, ವಂಶದಲ್ಲೇ ಇದೆ ಅಂತಾರೆ. ಆಮೇಲೆ ಅವಳನ್ನ ಯಾರು ಮಾಡ್ಕೋತಾರೆ ಹೇಳು?"

"ನೀನು ಬರದಿದ್ರೆ ನಾನೂ ಹೋಗಲ್ಲ," ಎಂದು ಅಮ್ಮ ಹಟ ಹಿಡಿದಳು. ತಂಗಿಗಾಗಿ ದೊಡ್ಡಮ್ಮ ಒಪ್ಪಿದಳು.

ಆ ದಿನ ತಲೆತುಂಬ ಸೆರಗು ಹೊದ್ದು ಬಂದಳು. ಶಾಲೆಯ ಜಗುಲಿಯಲ್ಲಿ ಸಾಲು ನಿಧಾನವಾಗಿ ಮುಂದಕ್ಕೆ ಹೋಗುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ದೊಡ್ಡಮ್ಮ ನನ್ನ ತೋಳು ಹಿಡಿದಳು. ನಮಗಿಂತ ಮುಂದೆ ಹುಡುಗನ ಸೋದರತ್ತೆ ನಿಂತಿದ್ದರು. ಹೆಣ್ಣು ನೋಡಲು ಬಂದಾಗ ಅಕ್ಕನನ್ನು ಪ್ರಶ್ನೆಗಳಿಂದ ಸುಸ್ತುಮಾಡಿದ್ದವರು.

"ನಾನು ಬರ್ತೀನಿ," ಎಂದಳು ದೊಡ್ಡಮ್ಮ. ಅಮ್ಮ ಕೈ ಹಿಡಿಯುವುದರೊಳಗೆ ಗೇಟು ದಾಟಿ ಹೋಗಿಬಿಟ್ಟಿದ್ದಳು. ಅಮ್ಮ ಹಿಂದೆ ಓಡಲು ಹೊರಟು, ಸಾಲಿನವರೆಲ್ಲ ನೋಡುತ್ತಿದ್ದುದರಿಂದ ನಿಂತಳು. ತನ್ನ ಪರೀಕ್ಷೆ ಮಾಡಿಸಿಕೊಂಡಳು. ಏನೂ ತೊಂದರೆ ಇರಲಿಲ್ಲ.

ಅಕ್ಕನ ಮದುವೆ ಚೆನ್ನಾಗಿಯೇ ಆಯಿತು. ಮರುವರ್ಷ ದೊಡ್ಡಮ್ಮನಿಗೆ, ಮುಟ್ಟು ನಿಂತು ಎಷ್ಟೋ ಕಾಲವಾಗಿದ್ದರೂ, ಮತ್ತೆ ರಕ್ತ ಹೋಗಲು ಶುರುವಾಯಿತು. ಉಷ್ಣ ಎಂದುಕೊಂಡು ಜೀರಿಗೆ ಕಷಾಯ, ಎಳನೀರು ಕುಡಿದುಕೊಂಡು ಸುಮ್ಮನಿದ್ದಳು. ಸೊಂಟದ ನೋವನ್ನು ಮಿಷನ್ ತುಳಿದ ನೋವು ಎನ್ನುತ್ತಿದ್ದಳು. ಮಗಳಿಗೂ ಹೇಳಲಿಲ್ಲ, ಮಗಳು ಬಸುರಿ, ಹೆದರಿಸಬಾರದು ಎಂದು. ಒಂದು ಬೆಳಗ್ಗೆ ಹೊಲಿಯುತ್ತ ಕೂತಲ್ಲೇ ಕುಸಿದಾಗ ಅವಳ ಸೀರೆ ನೋಡಿ ನಮಗೆ ಗೊತ್ತಾಯಿತು.

ಆಸ್ಪತ್ರೆಯ ಡಾಕ್ಟರು ಅಮ್ಮನನ್ನು ಪಕ್ಕಕ್ಕೆ ಕರೆದು, ತುಂಬ ಹರಡಿದೆ ಎಂದರು. ಬೈಯಲಿಲ್ಲ. ಬೈದಿದ್ದರೆ ಅಮ್ಮನಿಗೆ ಅಳಲು ಒಂದು ನೆಪವಾದರೂ ಸಿಗುತ್ತಿತ್ತು.

ಅಕ್ಕನ ಗಂಡನ ಆ ಸೋದರತ್ತೆ ಹಣ್ಣು ಹಿಡಿದು ನೋಡಲು ಬಂದರು. ಮಂಚದ ಪಕ್ಕ ಕೂತು, "ಅವತ್ತು ಶಾಲೆ ಹತ್ರ ನಿಮ್ಮನ್ನ ನೋಡಿದೆ ಬೀಗರೇ," ಎಂದರು. "ನಂಗೂ ಎದೆ ಹೊಡ್ಕೋತಿತ್ತು. ಗೊತ್ತಿರೋರು ಒಬ್ರಿದಾರಲ್ಲ ಅಂತ ಧೈರ್ಯ ಬಂತು. ಮಾತಾಡ್ಸೋಣ ಅಂತ ತಿರುಗಿದ್ರೆ ನೀವು ಇರ್ಲೇ ಇಲ್ಲ."

ದೊಡ್ಡಮ್ಮ ಅವರನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿಕೊಂಡಳು. ಅವರು ಹೋಗುವವರೆಗೂ ಈ ಕಡೆ ತಿರುಗಲಿಲ್ಲ.

ಮೊಮ್ಮಗುವಿನ ನಾಮಕರಣಕ್ಕೆ ಅವಳು ಇರಲಿಲ್ಲ. ಬಂಧುಗಳಿಗೆಲ್ಲ ಹೊಟ್ಟೆಯ ಹುಣ್ಣು ಎಂದೇ ಹೇಳಿದೆವು. ಹಾಗೆ ಹೇಳಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಕೆಲವು ವರ್ಷಗಳ ಮೇಲೆ ಮತ್ತೆ ಅಂಥದೇ ತಪಾಸಣೆ ನಡೆದಾಗ ಅಮ್ಮ ಪದ್ಮನಾಭನಗರಕ್ಕೆ ಹೋಗಿ ಅಕ್ಕನನ್ನು ಕರೆದಳು. ನಾನೂ ಜೊತೆಯಲ್ಲಿದ್ದೆ. ಅಕ್ಕ ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು.

"ಬೇಡ ಚಿಕ್ಕಮ್ಮ. ಡಾಕ್ಟ್ರು ಹೇಳೋವರ್ಗೂ ಅಮ್ಮ ಓಡಾಡ್ಕೊಂಡೇ ಇದ್ಲು. ಹೇಳಿದ ಮೇಲೆ ತಾನೇ ಮಲಗಿದ್ದು?"

"ಹಾಗಲ್ಲ ಕಣೇ, ಮೊದ್ಲೇ ತೋರಿಸಿದ್ರೆ ಉಳೀತಿದ್ಲು..."

"ಇದ್ರೆ ಇರ್ಲಿ. ನಂಗೆ ಗೊತ್ತಾಗೋದು ಬೇಡ."

ಅಮ್ಮ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಮಗುವನ್ನು ಎತ್ತಿಕೊಂಡು ಬಾಯಿ ತೊಳೆಸಲು ಒಳಗೆ ಹೋದಳು. ನಾವು ಸ್ವಲ್ಪ ಹೊತ್ತು ಕೂತಿದ್ದು, ಬಸ್ ಸ್ಟಾಪಿಗೆ ನಡೆದೆವು.