ಉದ್ದ ನಳಿಗೆಯ ಉಸ್ತಾದ್

ಉಸ್ತಾದರ ಎಡ ಮೊಣಕೈ ಚರ್ಮ ಕಪ್ಪಗೆ, ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು. ಸೇನೆಯಲ್ಲಿದ್ದಾಗ ವರ್ಷಗಟ್ಟಲೆ ನೆಲದ ಮೇಲೆ ಮಲಗಿ ಗುಂಡು ಹಾರಿಸಿದ್ದರ ಗುರುತು ಅದು. ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಕೆಡೆಟ್‌ಗಳಿಗೆ ರೈಫಲ್ ಕಲಿಸುತ್ತಿದ್ದ ಈ ಹವಾಲ್ದಾರರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದೆವು.

ಮೊದಲ ಪಾಠಕ್ಕೆ ಅವರು ಶಹಾಬಜಾರದ ಮನೆಯಿಂದ ಒಲೆ ಊದುವ ಕೊಳವೆ ತಂದಿದ್ದರು. ಅದರಲ್ಲಿ ಬಟಾಣಿ ಇಟ್ಟು ಊದಿದರು. ಕಾಳು ಎದುರಿನ ಗೋಡೆಗೆ ಬಡಿಯಿತು. ಬಳಿಕ ಬೆರಳುದ್ದದ ಇನ್ನೊಂದು ಕೊಳವೆಯಿಂದ ಊದಿದ್ದು ಅರ್ಧ ದಾರಿಯಲ್ಲೇ ಬಿತ್ತು.

"ನಳಿಗಿ ಉದ್ದ ಇದ್ರ ಉಸಿರು ಜಾಸ್ತಿ ಹೊತ್ತು ನೂಕ್ತದ. ವೇಗ ಬರ್ತದ."

"ಇನ್ನೂ ಉದ್ದ ಮಾಡಿದ್ರ, ಉಸ್ತಾದ್?" ಗೆಳತಿಯೊಬ್ಬಳು ಕೇಳಿದಳು.

"ಉಸಿರು ಮುಗಿದ ಮ್ಯಾಲ ನಳಿಗಿ ಬರೇ ಹೊರಿ. ಹೊರಾಕಿ ನೀನೇ ಮತ್ತ."

ನನಗೆ ಆ ಹೊರೆಯದೇ ಚಿಂತೆ. ನಾನು ಗಿಡ್ಡ; ಗುರಿ ಹಿಡಿದರೆ ರೈಫಲ್ಲಿನ ಮೂತಿ ಬಾಗುತ್ತಿತ್ತು. ಕಮಲಾಪುರದ ಶಿಬಿರದಲ್ಲಿ, ಪರವೂರಿನ ಸ್ಪರ್ಧೆಗೆ ಹೋಗುವ ರೈಫಲ್ ತಂಡದ ಆಯ್ಕೆಯಿತ್ತು. ಆಯ್ಕೆಯಾಗದಿದ್ದರೆ ಪರೇಡು ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದರು. ಗಿಡ್ಡ ನಳಿಗೆಯ ರೈಫಲ್ ಕೊಡಿ ಎಂದು ಉಸ್ತಾದರನ್ನು ಬೇಡಿದೆ.

"ಒಯ್ಯಾಕ ಹಗುರ ಆಗ್ತದವಾ, ಖರೆ. ಆದ್ರ ರೈಫಲ್ ಮ್ಯಾಲಿನ ಹಿಂದಿನ ಗುರಿಕಣ್ಣು, ಮುಂದಿನ ಗುರಿಕಣ್ಣು ಹತ್ರ ಬರ್ತಾವ. ಇಲ್ಲಿ ಕೂದಲೆಳಿ ಅಲ್ಲಾಡಿದ್ರ ಅಲ್ಲಿ ಗುಂಡು ಗೇಣು ಸರೀತದ. ಉದ್ದಂದೇ ಇರ್ಲಿ."

ಆಯ್ಕೆಯ ದಿನ ಶಿಬಿರದಿಂದ ಬಾಳೆತೋಟದ ಬದುವಿನಗುಂಟ ರೈಫಲ್ ಹೊತ್ತು ಓಡಿಸಿದರು. ತಲುಪಿದ ಕೂಡಲೇ ಮಲಗಿ ಹೊಡೆಯಬೇಕು. ನನಗೆ ಏದುಸಿರು; ಎದೆಯೊಂದಿಗೆ ನಳಿಗೆಯೂ ಏರಿಳಿಯುತ್ತಿತ್ತು. ಗುಂಡು ಹಾರಿಸಲು ಅಪ್ಪಣೆ ಕೊಡುವ ಸೀಟಿಯನ್ನು ಅಧಿಕಾರಿ ಬಾಯಿಗಿಟ್ಟರು. ಆಗ, ಗುರಿಹಲಗೆ ಸರಿಪಡಿಸಿ ಬರುತ್ತಿದ್ದ ಉಸ್ತಾದರು ನಮ್ಮ ಮುಂದೆಯೇ ಬಗ್ಗಿ ಕುಳಿತು ಬೂಟಿನ ಲೇಸು ಬಿಚ್ಚಿ ಕಟ್ಟತೊಡಗಿದರು. ಮುಂದೆ ಮನುಷ್ಯರಿದ್ದಾಗ ಸೀಟಿ ಊದುವಂತಿಲ್ಲ.

"ಏನ್ ಉಸ್ತಾದ್, ಲಗ್ನಕ್ಕ ಹೊಂಟೀರೇನು?" ಅಧಿಕಾರಿ ಗದರಿದರು.

"ಎಡವಿ ಬಿದ್ರ ನಿಮಗೇ ತ್ರಾಸ, ಸಾಬ."

ಇನ್ನೊಂದು ಬೂಟಿನದೂ ಕಟ್ಟಿದರು. ನನ್ನ ಬೆನ್ನು ಏರಿಳಿಯುವುದು ನಿಂತ ಮೇಲೆಯೇ ಎದ್ದು ಬದಿಗೆ ಸರಿದರು.

ತಂಡದಲ್ಲಿ ನನ್ನ ಹೆಸರು ಬಂತು. ಮೊದಲ ಬಾರಿಗೆ ಅಪ್ಪ ನನ್ನನ್ನು ಪರವೂರಿಗೆ ಕಳಿಸಿದರು. ಆಮೇಲೆ ಎಲ್ಲಿಗೆ ಹೊರಟರೂ ತಡೆಯಲಿಲ್ಲ. ಕಳೆದ ವರ್ಷ ಉಸ್ತಾದರು ತೀರಿಕೊಂಡಾಗ ನಾನು ಪತ್ರಿಕೆಯ ವರದಿಗೆಂದು ಬಹಳ ದೂರದ ಊರಲ್ಲಿದ್ದೆ. ಅಷ್ಟು ದೂರ ಒಬ್ಬಳೇ ಹೋಗುವಂತೆ ಮಾಡಿದವರ ಮಣ್ಣಿಗೆ ನನಗೆ ತಲುಪಲಾಗಲಿಲ್ಲ.